ಹೆಸರು ಹೇಳಿದ ನಾಲಗೆ

"ಆ ಮನೆಯ ಅನ್ನ ತಿಂದಿದೀರ. ಇನ್ನು ಅವರ ಹೆಸರು ಮಾತ್ರ ಕಚೇರೀಲಿ ಎತ್ತಬೇಡಿ, ಗುಮಾಸ್ತರೇ," ಎಂದಳು ಮನೆಯೊಡತಿ ಉರ್ಸುಲ್, ದನಿ ತಗ್ಗಿಸಿ. "ಮುದುಕಿ ಬೆರ್ತ್ ಮಾಟ ಬಲ್ಲವಳು. ಹಿಂದೊಬ್ಬ ಹೇಳಿದ್ದ. ಆಮೇಲೆ ಅವನ ನಾಲಗೆ ಅವನ ಮಾತು ಕೇಳಲಿಲ್ಲ."

ಥಿಬೋ ನಕ್ಕ. "ಪ್ಯಾರಿಸಿನಲ್ಲಿ ಯಾರ ನಾಲಗೆಯೂ ಯಾರ ಮಾತೂ ಕೇಳಲ್ಲಮ್ಮ. ಅದಕ್ಕೆ ಮಾಟ ಬೇರೆ ಬೇಕಾ?"

ಧಾನ್ಯದ ವರ್ತಕನೊಬ್ಬನ ಗುಮಾಸ್ತನಾಗಿ ಪ್ಯಾರಿಸಿನಿಂದ ಬ್ರೀ ಸೀಮೆಯ ಆ ಸಂತೆಯೂರಿಗೆ ಬಂದು, ಉರ್ಸುಲ್‌ಳ ಮನೆಯಲ್ಲಿ ಅವನು ಬಿಡಾರ ಹೂಡಿ ತಿಂಗಳೂ ಆಗಿರಲಿಲ್ಲ. ೧೭೭೫ರ ವಸಂತ. ಹಿಂದಿನ ಸುಗ್ಗಿ ಕೈಕೊಟ್ಟಿತ್ತು. ಊರೆಲ್ಲ ಹಸಿದಿದ್ದರೂ ವರ್ತಕರ ಉಗ್ರಾಣಗಳಿಗೆ ಬೀಗ. ಮೊನ್ನೆ ಸಂತೆಯ ದಿನ ಹೆಂಗಸರೇ ಮುಂದಾಗಿ ಬಾಗಿಲು ಒಡೆದರು. ಹಿಟ್ಟು ಮಂಜಿನಂತೆ ಎದ್ದು ಬೀದಿಯನ್ನೇ ಮುಚ್ಚಿತು. ವರ್ತಕನ ಆಳು ಇಲ್ಲಿದ್ದಾನೆ ಎಂದು ಯಾರೋ ಕೂಗಿದ್ದೇ ತಡ, ದೊಣ್ಣೆಗಳು ಥಿಬೋನತ್ತ ತಿರುಗಿದವು. ಆಗ ಅವನ ರಟ್ಟೆ ಹಿಡಿದೆಳೆದವಳು ಬೆರ್ತಳ ಮಗಳು ಪೆರೆಟ್. ಊರವರೆಲ್ಲ ರೊಟ್ಟಿ ಸುಡುವ, ಎಂಟು ದಿನದಿಂದ ಬೆಂಕಿ ಕಾಣದ ದೊಡ್ಡ ಒಲೆಯೊಳಗೆ ಅವನನ್ನು ತಳ್ಳಿ ಹಲಗೆ ಮುಚ್ಚಿದಳು. ಒಳಗೆ ಕಗ್ಗತ್ತಲು, ಮೂಗಿಗಡರುವ ಹಳೆಯ ಬೂದಿ. ಹೊರಗೆ ಮರದ ಮೆಟ್ಟುಗಳ ಟಕಟಕ ಸದ್ದು. ಗದ್ದಲ ಅಡಗಿದ ಮೇಲೆ ಹಲಗೆ ಸರಿಸಿ, ತನ್ನ ಪಾಲಿನ ಕಪ್ಪು ರೊಟ್ಟಿಯನ್ನು ಮುರಿದು ಕೊಟ್ಟಳು.

"ನಿಧಾನ ಕಡೀರಿ, ಗುಮಾಸ್ತರೇ. ಹಿಟ್ಟಿಗಿಂತ ಕಲ್ಲೇ ಜಾಸ್ತಿ."

ಮೂರನೆಯ ದಿನ ಅರಸನ ಕುದುರೆ ಸವಾರರು ಬಂದರು. ಕಚೇರಿಯ ಬಾಗಿಲು ಮುಚ್ಚಿದ ಕೋಣೆಯಲ್ಲಿ ನ್ಯಾಯಾಧೀಶ ಥಿಬೋನನ್ನು ಮೆಲ್ಲಗೆ ಕೇಳಿದ. "ನೀನೇ ದಂಗೆಕೋರರಿಗೆ ಉಗ್ರಾಣ ತೋರಿಸಿದೆಯಂತೆ? ಅಲ್ಲವಾದರೆ, ನೀನು ನೋಡಿದವರು ಯಾರು ಹೇಳು."

ನೂರು ಮುಖ ನೋಡಿದ್ದ. ಅವುಗಳಲ್ಲಿ ಅಂದು ಅವನಿಗೆ ಗೊತ್ತಿದ್ದ ಹೆಸರು ಒಂದೇ.

ಅದನ್ನೇ ಹೇಳಿದ.

ಉರ್ಸುಲ್ ಕೇಳಿದಾಗ, ಯಾರ ಹೆಸರೂ ಹೇಳಲಿಲ್ಲ ಎಂದ. ಆ ವಾರವೇ ಪೆರೆಟ್‌ಳನ್ನು ಸಂತೆಯ ಬಯಲಿನಲ್ಲಿ ನೇಣಿಗೇರಿಸಿದರು. ಜನರ ನಡುವೆ ತಲೆ ತಗ್ಗಿಸಿ ನಿಂತಿದ್ದ ಥಿಬೋನನ್ನು ಬೆರ್ತ್ ಒಬ್ಬಳೇ ತಿರುಗಿ ನೋಡಿದಳು.

ಮರುದಿನ ಬೆಳಿಗ್ಗೆ ಉರ್ಸುಲ್‌ಳ ಮನೆಯ ಹೊಸ್ತಿಲ ಮೇಲೆ ಕರುವಿನ ನಾಲಗೆಯೊಂದು ಬಿದ್ದಿತ್ತು. ಉದ್ದಕ್ಕೂ ಕಪ್ಪು ಮುಳ್ಳು ಚುಚ್ಚಿದ್ದರು. ಕೊಳೆತ ನಾತ. ಅದನ್ನು ಚರಂಡಿಗೆ ಒದ್ದು ಒಳಗೆ ಬಂದ. ನೀರು ಕೊಡಿ ಎನ್ನಲು ಬಾಯಿ ತೆರೆದ.

"ಪೆರೆಟ್," ಎಂದಿತು ಅವನ ನಾಲಗೆ.

ಮತ್ತೆ ಬಾಯಿ ತೆರೆಯುವ ಧೈರ್ಯ ಬರಲಿಲ್ಲ. ಮಧ್ಯಾಹ್ನ ಸವಾರನೊಬ್ಬ ಬಂದು ಅವನನ್ನು ಕಚೇರಿಗೆ ಕರೆದೊಯ್ದ.

ಕಿಟಕಿಗಳೆಲ್ಲ ಮುಚ್ಚಿದ್ದವು. ಕೊಬ್ಬಿನ ಬತ್ತಿಯ ಕಮಟು. ಕಚೇರಿಯ ಬರಹಗಾರನ ಗರಿಲೇಖನಿ ಕಾಯುತ್ತಿತ್ತು. "ಇನ್ನೂ ಯಾರಿದ್ದರು?" ಎಂದ ನ್ಯಾಯಾಧೀಶ. ಇನ್ನಾರೂ ಗೊತ್ತಿಲ್ಲ, ಸ್ವಾಮಿ ಎನ್ನಹೊರಟ.

"ಕಮ್ಮಾರ ರೆಮಿ."

ಗರಿ ಕೆರೆಯಿತು. ಈಚಿನ ದಿನಗಳಲ್ಲಿ ಉರ್ಸುಲ್‌ಳ ಒಲೆಯ ಮುಂದೆ ಕೂತು ಕೇಳಿಸಿಕೊಂಡಿದ್ದ ಹೆಸರು ಅದು. ಬಾಯಿಗೆ ಮುಷ್ಟಿ ತುರುಕಿದ. ಬೆರಳ ಸಂದಿಯಿಂದ ಇನ್ನೊಂದು ಬಂತು. "ಅಗಸಗಿತ್ತಿ ಕೊಲೆಟ್." ಗರಿ ಕೆರೆಯಿತು. ಉಸಿರು ಹಿಡಿದ. ನಾಲಗೆ ಒಳಗೇ ಹೊರಳಿತು. ಹಾವಿನ ಹಾಗೆ. ಹಲ್ಲು ತಳ್ಳಿತು. "ಉರ್..."

ಕಚ್ಚಿದ.

"ಪೂರ್ತಿ ಹೇಳು," ಎಂದ ನ್ಯಾಯಾಧೀಶ.

ರಕ್ತ ಬಿಸಿಯಾಗಿ ಗಂಟಲಿಗೆ ಇಳಿಯಿತು. ಅದು ಇನ್ನೂ ಹೊರಳುತ್ತಿತ್ತು. ಕಣ್ಣು ಮುಚ್ಚಿದ. ಮತ್ತೊಮ್ಮೆ ಕಚ್ಚಿದ. ಬಲವಾಗಿ. ಬಾಯಿಂದ ಏನೋ ನೆಲಕ್ಕೆ ಬಿತ್ತು.

ಎಚ್ಚರವಾದಾಗ ಉರ್ಸುಲ್‌ಳ ಮನೆಯ ಹಾಸಿಗೆಯಲ್ಲಿದ್ದ. ಸುತ್ತ ಜನ. ಯಾರೋ ಮೊಟ್ಟೆ ತಂದಿದ್ದರು, ಯಾರೋ ಒಂದು ಬಟ್ಟಲು ಹಾಲು.

"ನಾಲಗೆ ಹೋದರೂ ಒಂದು ಹೆಸರೂ ಹೇಳಲಿಲ್ಲ ನೀವು," ಎಂದು ಉರ್ಸುಲ್ ಕಣ್ಣೊರೆಸಿಕೊಂಡಳು. ರೆಮಿಯ ಹೆಂಡತಿ ಮಂಡಿಯೂರಿ ಅವನ ಕೈಗೆ ಮುತ್ತಿಟ್ಟಳು. "ನನ್ನ ಗಂಡನ್ನ ಹಿಡಿಸಿದ ಪಾಪಿ ಯಾರೋ, ಅಣ್ಣಾ. ನಿಮ್ಮಂಥೋರೂ ಇದಾರಲ್ಲ."

ಜನ ದಾರಿ ಬಿಟ್ಟರು. ಬೆರ್ತ್ ಬಂದಳು, ಅವಳ ಹಿಂದೆ ಊರ ಪಾದ್ರಿ. ಪಾದ್ರಿಯಿಂದ ಇಸಿದುಕೊಂಡ ಕಾಗದ, ಗರಿ, ಮಸಿಯನ್ನು ಅವನ ಎದೆಯ ಮೇಲಿಟ್ಟಳು.

"ಏನಾದ್ರೂ ಹೇಳೋದಿದ್ರೆ ಬರೀರಿ. ಪಾದ್ರಿಗಳು ಓದ್ತಾರೆ."

ಕೈಗೆ ಯಾವ ಮಾಟವೂ ತಗುಲಿರಲಿಲ್ಲ. ಬರೆದರೆ ಗರಿ ಸರಾಗವಾಗಿ ಓಡುತ್ತಿತ್ತು. ರೆಮಿಯ ಹೆಂಡತಿ ಅವನ ಮುಖವನ್ನೇ ನೋಡುತ್ತಿದ್ದಳು. ಗರಿಯ ತುದಿಯಲ್ಲಿ ಮಸಿ ಒಣಗಿತು. ಮತ್ತೆ ಅದ್ದಿದ. ಬರೆದ.

ಪಾದ್ರಿ ಗಟ್ಟಿಯಾಗಿ ಓದಿದ. "ದೇವರು ನಿಮಗೆಲ್ಲ ಒಳ್ಳೆಯದು ಮಾಡಲಿ."

ಹೆಂಗಸರು ಬಿಕ್ಕಿದರು. ಬೆರ್ತ್ ಹೊರಟುಹೋದಳು.