ಕೊನೆಯ ಮಂಗಳವಾರದ ಒಂದು ಕೆಟ್ಟ ಮಾತು

ನಾನು ಮೂರನೇ ಮಹಡಿಯ ಹೊರಗೋಡೆಯಲ್ಲಿ, ಹಳದಿ ಗ್ಯಾಸ್ ಪೈಪಿಗೆ ಜೋತುಬಿದ್ದಿದ್ದೆ.

ಕೆಳಗೆ ಕಲ್ಲು ಹಾಸಿದ ಅಂಗಳ. ಮೇಲೆ ಛಾವಣಿಯ ಅಂಚಿನಲ್ಲಿ ಇಬ್ಬರು ದಾಂಡಿಗರು. ಒಬ್ಬನ ಕೈಯಲ್ಲಿ ಪಿಸ್ತೂಲು, ಇನ್ನೊಬ್ಬನ ಕೈಯಲ್ಲಿ ಕಬ್ಬಿಣದ ಸಲಾಕೆ. ಸಮುದ್ರದ ಕಡೆಯಿಂದ ನಮ್ಮ ಬಾಕು ಪಟ್ಟಣದ ಹಾಳು ಗಾಳಿ ಬೇರೆ... ನನ್ನ ಟೋಪಿ ಆಗಲೇ ಹಾರಿಹೋಗಿತ್ತು. ಎಡಗಾಲಿನ ಬೂಟೂ ಹೋಗಿತ್ತು.

“ಮುರ್ಸೆಲ್ ಅಣ್ಣ, ದೇವರು ನಿಂಗೆ ನೂರು ವರ್ಷ ಆಯಸ್ಸು ಕೊಡ್ಲಿ,” ಎಂದ ಪಿಸ್ತೂಲಿನವನು. “ಮೇಲಕ್ಕೆ ಬಾ. ಬರ್ಲಿಲ್ಲ ಅಂದ್ರೆ ನಿನ್ನ ಕಾಲು...”

ಸಲಾಕೆಯವನು ಅವನ ಪಕ್ಕೆಗೆ ತಿವಿದ.

“...ನಿನ್ನ ಕಾಲಿಗೆ ಒಳ್ಳೇ ವಿಶ್ರಾಂತಿ ಕೊಡಿಸ್ತೀವಿ. ಆರು ತಿಂಗಳು.”

ನಗಬೇಡಿ. ಅವತ್ತು ನವ್ರೂಜ್, ಅಂದರೆ ನಮ್ಮ ಹೊಸ ವರ್ಷದ ಹಬ್ಬಕ್ಕೆ ಮುಂಚಿನ ಕೊನೆಯ ಮಂಗಳವಾರ. ಆ ಸಂಜೆ ನಮ್ಮ ಜನ ಮನಸ್ಸಿನಲ್ಲೊಂದು ಪ್ರಶ್ನೆ ಇಟ್ಟುಕೊಂಡು, ಕಾಲಡಿಯಲ್ಲೊಂದು ಬೀಗದಕೈ ಇಟ್ಟುಕೊಂಡು, ಇನ್ನೊಬ್ಬರ ಮನೆಬಾಗಿಲಿಗೆ ಕಿವಿಗೊಟ್ಟು ನಿಲ್ಲುತ್ತಾರೆ. ಒಳಗಿನಿಂದ ಮೊದಲು ಕೇಳಿದ್ದು ಒಳ್ಳೆಯ ಮಾತಾದರೆ ಹೌದು. ಕೆಟ್ಟ ಮಾತಾದರೆ ಇಲ್ಲ. ಯಾರ ಬಾಗಿಲಲ್ಲಿ ಯಾರು ನಿಂತಿರುತ್ತಾರೋ ಯಾರಿಗೆ ಗೊತ್ತು? ಅದಕ್ಕೇ ಆ ಸಂಜೆ ಇಡೀ ಊರಿನಲ್ಲಿ ಒಬ್ಬನೂ ಕೆಟ್ಟ ಮಾತಾಡುವುದಿಲ್ಲ. ಗಂಡ ಹೆಂಡಿರ ಜಗಳ ಬುಧವಾರಕ್ಕೆ ಮುಂದೂಡಲ್ಪಡುತ್ತದೆ. ಗೂಂಡಾಗಳೂ ಹರಸುತ್ತಲೇ ಹೊಡೆಯುತ್ತಾರೆ.

“ಗುಂಡು ಹಾರಿಸ್ಲಾ?” ಎಂದ ಪಿಸ್ತೂಲಿನವನು.

“ಗ್ಯಾಸ್ ಪೈಪು ಕಣೋ, ಬಂಗಾರದಂಥವನೇ,” ಎಂದ ಸಲಾಕೆಯವನು. “ನಾವೂ ಅವನ ಜೊತೆಗೇ ಸ್ವರ್ಗ ಸೇರ್ತೀವಿ.”

ದೇಶವನ್ನೇ ಸಾಕುವ ಗ್ಯಾಸು ಅವತ್ತು ನನ್ನನ್ನೂ ಕಾಪಾಡಿತು.

ಆದರೆ ನಾನು ಅಲ್ಲಿಗೆ ಬಂದದ್ದೇಕೆ? ಅದೇ ಒಂದು ಕೆಟ್ಟ ಮಾತು ಆಡುವುದಕ್ಕೆ.

ನನ್ನ ಕಾರ್ಡಿನ ಮೇಲೆ ‘ಪ್ರೋಟೋಕಾಲ್ ಸಹಾಯಕ, ಪೈಪ್‌ಲೈನ್ ಆಯೋಗ’ ಎಂದಿದೆ. ಯಾವ ರಾಯಭಾರಿಯ ಕುರ್ಚಿ ಯಾರ ಕುರ್ಚಿಗಿಂತ ಎತ್ತರ ಇರಬಾರದು, ಯಾವ ಬಾವುಟ ಯಾವ ಬಾವುಟಕ್ಕೆ ಬೆನ್ನು ತೋರಿಸಬಾರದು... ಇದು ನನ್ನ ಕೆಲಸ. ಜೇಬಿನಲ್ಲಿ ಸದಾ ಒಂದು ಅಳತೆ ಟೇಪು. ಹಾಗೆಯೇ, ಯಾವ ಅತಿಥಿ ಕುಡಿದು ಯಾರ ಕಾರಂಜಿಗೆ ಬಿದ್ದರೂ ಎತ್ತಿ ಒಣಗಿಸಿ ವಿಮಾನ ಹತ್ತಿಸುವವನೂ ನಾನೇ. ಹದಿನಾರು ವರ್ಷ ಇದನ್ನು ಮಾಡಿದ್ದೇನೆ. ಎರಡು ಸಲ ಇರಿತ, ಒಂದು ಸಲ ಪದಕ.

ಆಯೋಗದ ಮುಖ್ಯಸ್ಥರು ಆಗಾವೆರ್ದಿ ಸಾಹೇಬರು. ಎಪ್ಪತ್ತೊಂದು ವರ್ಷ, ಮಂಡಿನೋವು, ಮಂಜಿನಂಥ ಮೀಸೆ. ಬುಧವಾರ ಬೆಳಗ್ಗೆ ಅವರು ಸಹಿ ಹಾಕಬೇಕಿತ್ತು. ಮೇಜಿನ ಮೇಲೆ ಎರಡು ಕಡತ. ಒಂದಕ್ಕೆ ಸಹಿ ಬಿದ್ದರೆ ನಮ್ಮ ಗ್ಯಾಸು ಇಪ್ಪತ್ತು ವರ್ಷ ಪಶ್ಚಿಮಕ್ಕೆ. ಇನ್ನೊಂದಕ್ಕೆ ಬಿದ್ದರೆ ಇಪ್ಪತ್ತು ವರ್ಷ ಉತ್ತರದ ನೆರೆಯವರಿಗೆ. ತಜ್ಞರು ಒಂಬೈನೂರು ಪುಟದ ವರದಿ ಬರೆದು ಕೊಟ್ಟಿದ್ದರು. ಸಾಹೇಬರು ಅದನ್ನು ಮಂಡಿ ಎತ್ತರಿಸಿಕೊಳ್ಳಲು ಕಾಲ ಕೆಳಗೆ ಇಟ್ಟುಕೊಂಡಿದ್ದರು. ದೊಡ್ಡ ತೀರ್ಮಾನವನ್ನೆಲ್ಲ ಅವರು ಮಾಡುವುದು ಕೊನೆಯ ಮಂಗಳವಾರ, ಹಳೇ ಕೋಟೆಯೊಳಗೆ ತಾವು ಹುಟ್ಟಿದ ವಠಾರದಲ್ಲಿ, ಹೂರ್ನಿಸಾ ಅಜ್ಜಿಯ ಬಾಗಿಲಿಗೆ ಕಿವಿಗೊಟ್ಟು! ಇದು ಆಯೋಗದ ಕಸ ಗುಡಿಸುವವಳಿಗೂ ಗೊತ್ತು. ರಾಯಭಾರಿಗಳಿಗೂ ಗೊತ್ತು. ಈ ಸಲದ ಪ್ರಶ್ನೆ ‘ಪಶ್ಚಿಮದ ಕಡತಕ್ಕೆ ಸಹಿ ಹಾಕಲೇ’ ಎಂಬುದು ಎಂದು ಎಲ್ಲರೂ ನಂಬಿದ್ದರು.

ಒಳ್ಳೆಯ ಮಾತು ಕೇಳಿದರೆ ಪಶ್ಚಿಮ. ಆ ಸಂಜೆ ಊರಿನಲ್ಲಿ ಒಳ್ಳೆಯ ಮಾತು ಬಿಟ್ಟು ಬೇರೇನು ಸಿಗುತ್ತದೆ? ಪಶ್ಚಿಮದವರು ಹಾಯಾಗಿ ಕುಳಿತಿದ್ದರು. ಉತ್ತರದವರಿಗೆ ಒಂದೇ ಒಂದು ಕೆಟ್ಟ ಮಾತು ಬೇಕಿತ್ತು. ಅಜ್ಜಿಯ ಮನೆಯಲ್ಲಿ ಕೂತು ಬೈಯಿರೆಂದು ವಠಾರದ ಆರು ಮುದುಕಿಯರಿಗೆ ದುಡ್ಡು ತೋರಿಸಿದರಂತೆ. ಆರು ಜನರೂ ಅವರನ್ನು ಹರಸಿ, ಮಿಠಾಯಿ ಕೊಟ್ಟು ಕಳಿಸಿದ್ದರು.

ಹಾಗಾಗಿ ಗ್ಲೆಬ್ ನನ್ನ ಹತ್ತಿರ ಬಂದ.

ಗ್ಲೆಬ್ ಉತ್ತರದವರ ವ್ಯಾಪಾರ ಪ್ರತಿನಿಧಿ. ವ್ಯಾಪಾರ ಏನೆಂದು ಯಾರೂ ಕೇಳುವುದಿಲ್ಲ. ಹತ್ತೊಂಬತ್ತು ವರ್ಷದಿಂದ ಇಲ್ಲೇ ಇದ್ದಾನೆ, ನಮ್ಮ ಹುಡುಗಿಯನ್ನೇ ಮದುವೆಯಾಗಿ ಅತ್ತೆಯ ಜೊತೆ ಒಂದೇ ಮನೆಯಲ್ಲಿ ಬಾಳುತ್ತಿದ್ದಾನೆ. ಗಟ್ಟಿ ಮನುಷ್ಯ. ಮಧ್ಯಾಹ್ನ ಚಹಾದಂಗಡಿಯಲ್ಲಿ ಎದುರು ಕೂತು, ಒಂದು ಫೋಟೋ ನನ್ನ ಕಡೆ ತಳ್ಳಿದ.

ನನ್ನ ತಮ್ಮ ತಹಮಾಜ್! ಲಾರಿ ಡ್ರೈವರ್. ದಾಳಿಂಬೆ ತುಂಬಿಕೊಂಡು ಉತ್ತರದ ಗಡಿ ದಾಟಿದವನು ಕಾಗದಪತ್ರ ಸರಿಯಿಲ್ಲವೆಂದು ಎಂಟು ತಿಂಗಳಿಂದ ಅಲ್ಲಿನ ಲಾಕಪ್ಪಿನಲ್ಲಿದ್ದ. ಫೋಟೋದಲ್ಲಿ ಮುಖ ಬತ್ತಿಹೋಗಿತ್ತು. ಮುಂದಿನ ಎರಡು ಹಲ್ಲು ಇರಲಿಲ್ಲ. ಅಮ್ಮ ಸಾಯುವಾಗ ಅವನ ಕೈಯನ್ನು ನನ್ನ ಕೈಯಲ್ಲಿಟ್ಟು ಹೋಗಿದ್ದಳು.

“ಒಂದು ಕೆಟ್ಟ ಮಾತು, ಮುರ್ಸೆಲ್,” ಎಂದ ಗ್ಲೆಬ್. “ಸಾಹೇಬ್ರು ಬಾಗ್ಲಲ್ಲಿ ನಿಂತಾಗ, ಒಳಗಿಂದ. ಅಷ್ಟೇ. ಹಬ್ಬಕ್ಕೆ ನಿನ್ನ ತಮ್ಮ ಮನೇಲಿರ್ತಾನೆ.”

“ಆಡ್ಲಿಲ್ಲ ಅಂದ್ರೆ?”

“ಅಲ್ಲಿ ಚಳಿಗಾಲ ಉದ್ದ. ಹಲ್ಲು ಇನ್ನೂ ಮೂವತ್ತಿದೆ.”

ಒಪ್ಪಿಕೊಂಡೆ. ನೀವಾದರೆ ಏನು ಮಾಡುತ್ತಿದ್ದಿರಿ?

ಗೋಡೆಗೂ ಕಿವಿಯಿರುವ ಊರು ನಮ್ಮದು. ನಾನು ಚಹಾದಂಗಡಿಯ ಮೆಟ್ಟಿಲು ಇಳಿಯುವ ಮೊದಲೇ ಸುದ್ದಿ ಆಯೋಗದ ಉಪಮುಖ್ಯಸ್ಥೆ ರುಬಾಬಾ ಮೇಡಂಗೆ ಮುಟ್ಟಿತ್ತು. ಪಶ್ಚಿಮದ ಕಡತ ಅವರ ಕೂಸು. ತಕ್ಷಣ ಇಬ್ಬರನ್ನು ಛೂ ಬಿಟ್ಟರು. ಕೋಟೆಯ ಗಲ್ಲಿಗಳಲ್ಲಿ ಓಡಿದೆ. ಮಕ್ಕಳು ಹಬ್ಬದ ಬೆಂಕಿ ಹಾಕಿ ಹಾರುತ್ತಿದ್ದರು, ನಾನೂ ಹಾರಿದೆ. ಹಿಂದೆ ಬಂದ ಇಬ್ಬರೂ ಹಾರಿದರು... ಶಾಸ್ತ್ರ ಬಿಡಬಾರದೆಂದು ಮೂರು ಮೂರು ಸಲ! ಅಷ್ಟರಲ್ಲಿ ನನಗೆ ಛಾವಣಿ ಹತ್ತುವಷ್ಟು ಸಮಯ ಸಿಕ್ಕಿತು. ಅಲ್ಲಿಂದ ಪೈಪು.

ಪೈಪಿನಿಂದ ಒಂದೇ ಜಿಗಿತ; ಸಾಹೇಬರು ಬರುವ ಹೊತ್ತು, ಮೇಲಿನಿಬ್ಬರು ಅಲ್ಲಿ ಗದ್ದಲ ಮಾಡುವಂತಿರಲಿಲ್ಲ. ಅಜ್ಜಿಯ ಬಾಲ್ಕನಿಯ ಮೇಲೆ, ಹಬ್ಬಕ್ಕೆ ಮೊಳಕೆ ಬರಿಸಿಟ್ಟ ಗೋಧಿಯ ತಟ್ಟೆ ಪಕ್ಕದಲ್ಲೇ ಬಿದ್ದೆ.

ಹೂರ್ನಿಸಾ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಎಂಬತ್ತೆರಡರ ಮುದುಕಿ. ಗಾಬರಿ ಎಂಬುದು ಅವಳ ಜಾತಕದಲ್ಲೇ ಇಲ್ಲ.

“ಬೂಟು ಹೊರಗೆ ಬಿಡು,” ಎಂದಳು. “ಓ, ಒಂದೇ ಇದ್ಯಾ? ಅದನ್ನೇ ಬಿಡು.”

ಒಳಗೆ ಹೋದರೆ ಗ್ಲೆಬ್ ಆಗಲೇ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ತೊಡೆಯ ಮೇಲೆ ಪಿಸ್ತೂಲು. ಕೈಯಲ್ಲಿ ಚಹಾದ ಗ್ಲಾಸು. ಬಾಯಿಯ ಸುತ್ತ ಬಾದಾಮಿ ಮಿಠಾಯಿಯ ಪುಡಿ.

ನಾನು ಅಜ್ಜಿಯ ಕಾಲಿಗೇ ಬಿದ್ದೆ. ತಮ್ಮನ ವಿಷಯ, ಹಲ್ಲಿನ ವಿಷಯ ಎಲ್ಲ ಹೇಳಿದೆ. ನೀವೇ ಒಂದು ಮಾತು ಆಡಿಬಿಡಿ, ನಿಮ್ಮ ಧ್ವನಿಯಾದರೆ ಸಾಹೇಬರು ನಂಬುತ್ತಾರೆ ಎಂದು ಬೇಡಿಕೊಂಡೆ. ಅವಳು ನನ್ನ ತಲೆ ಸವರಿದಳು. ಕಣ್ಣಲ್ಲಿ ನೀರೂ ಬಂತು.

“ಮಗಾ, ನನ್ನ ಗಂಡ ಸತ್ತಿದ್ದೂ ಇಂಥದೇ ಮಂಗಳವಾರ. ಬಾಗ್ಲಲ್ಲಿ ಯಾವುದೋ ಹೆಣ್ಣುಮಗು ನಿಂತಿತ್ತು. ಅದರ ಮದುವೆ ಕೆಡಬಾರ್ದು ಅಂತ, ‘ಮನುಷ್ಯ ಎಷ್ಟು ಚೆನ್ನಾಗಿ ನಿದ್ದೆ ಮಾಡ್ತಿದಾನೆ’ ಅಂದೆ. ಅತ್ತಿದ್ದು ಬೆಳಗಾದ ಮೇಲೆ.”

ನಾನು ಎದ್ದು ಕಣ್ಣೊರೆಸಿಕೊಂಡೆ.

ಮೆಟ್ಟಿಲ ಮೇಲೆ ಸದ್ದಾಯಿತು. ಒಂದು ಮೆಟ್ಟಿಲು, ಒಂದು ಏದುಸಿರು. ಸಾಹೇಬರ ಮಂಡಿ. ಆಮೇಲೆ ಬಾಗಿಲ ಹೊರಗೆ ಕಲ್ಲಿನ ಮೇಲೆ ಬೀಗದಕೈ ಇಟ್ಟ ಸದ್ದು.

ಗ್ಲೆಬ್ ಪಿಸ್ತೂಲೆತ್ತಿ ನನ್ನ ಕಡೆ ತಿರುಗಿಸಿದ. ಮಾತಾಡು ಎಂದು ಕಣ್ಣಲ್ಲೇ ಹೇಳಿದ.

ನನಗೆ ಬೈಗುಳ ಬರುವುದಿಲ್ಲ ಎಂದುಕೊಳ್ಳಬೇಡಿ. ಬಂದರಿನಲ್ಲಿ ಬೆಳೆದವನು, ನಾಲ್ಕು ಭಾಷೆಯಲ್ಲಿ ಬೈಯಬಲ್ಲೆ. ಬಾಯಿ ತೆರೆದೆ. ‘ಹಾಳಾಗಿ ಹೋಗಲಿ’ ಎಂಬ ಮಾತು ನಾಲಗೆಯ ತುದಿಗೆ ಬಂತು. ತಹಮಾಜನ ಮುಖ ಕಣ್ಣ ಮುಂದೆ ನಿಂತಿತು. ಆದರೆ ನಾಲ್ಕು ವರ್ಷದವನಿದ್ದಾಗ ಇಂಥದೇ ಸಂಜೆ ‘ಥೂ’ ಎಂದದ್ದಕ್ಕೆ ಅಮ್ಮ ಬಾಯಿಗೆ ಕೊಟ್ಟ ಏಟು ಇನ್ನೂ ಅಲ್ಲೇ ಕೂತಿತ್ತು...

“ಅಜ್ಜಿ,” ಎಂದೆ, “ನಿಮ್ಮ ಕೈಗೆ ಆಯಸ್ಸು ಹೆಚ್ಚಲಿ. ಎಂಥಾ ಘಮಘಮ ಚಹಾ.”

ಮುಗಿಯಿತು. ನನ್ನ ತಮ್ಮನನ್ನು ನಾನೇ ಕೈಯಾರೆ ಕೊಂದೆ ಅನ್ನಿಸಿತು.

ಗ್ಲೆಬ್ ಕೆಂಪಾದ. ಚಂಗನೆ ಎದ್ದ. ತಾನೇ ಬೈಯಲು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟ, ಎದೆ ತುಂಬ ಉಸಿರೆಳೆದ, ಬಾಯಿ ತೆರೆದ. ಹಾಗೇ ನಿಂತ. ಕುತ್ತಿಗೆಯ ನರ ಉಬ್ಬಿತು. ಮೀನಿನ ಹಾಗೆ ಬಾಯಿ ಎರಡು ಸಲ ಮುಚ್ಚಿ ತೆರೆಯಿತು. ಹತ್ತೊಂಬತ್ತು ವರ್ಷ ಅತ್ತೆಯ ಮನೆಯಲ್ಲಿ ಹತ್ತೊಂಬತ್ತು ಕೊನೆಯ ಮಂಗಳವಾರ ಕಳೆದವನು!

“ಮಿಠಾಯೀನೂ... ತುಂಬಾ ಚೆನ್ನಾಗಿದೆ, ತಾಯಿ,” ಎಂದ. “ದೇವರು ಈ ಮನೆ ತಣ್ಣಗಿಟ್ಟಿರ್ಲಿ.”

ಹೊರಗೆ ಸಾಹೇಬರು ಬೀಗದಕೈ ಎತ್ತಿಕೊಂಡ ಸದ್ದು. ಇಳಿಯುವಾಗ ಅವರು ಯಾವುದೋ ಹಳೇ ರಾಗ ಗುನುಗುತ್ತಿದ್ದರು.

ಗ್ಲೆಬ್ ಗೋಡೆಗೊರಗಿ ಕುಸಿದು ಕೂತ. ನಾನು ಅವನ ಪಕ್ಕ ಕೂತೆ. ಕೊಲ್ಲುತ್ತೀಯಾ ಎಂದು ಕೇಳಿದೆ. ಇವತ್ತು ಆಗುವುದಿಲ್ಲ ಎಂದ. ಅಜ್ಜಿ ಇಬ್ಬರಿಗೂ ಇನ್ನೊಂದು ಗ್ಲಾಸು ಚಹಾ ಸುರಿದಳು.

ಮರುದಿನ ಬೆಳಗ್ಗೆ ಹತ್ತಕ್ಕೆ ದೊಡ್ಡ ಸಭಾಂಗಣ. ಎಡಗಡೆ ಪಶ್ಚಿಮದವರು, ಬಲಗಡೆ ಉತ್ತರದವರು, ಎರಡೂ ಕಡೆಯ ಕುರ್ಚಿ ಸಮ. ನಾನೇ ಅಳೆದಿದ್ದೆ. ಸಾಹೇಬರು ಬಂದರು. ಎರಡು ಕಡತವನ್ನೂ ಒಂದರ ಮೇಲೊಂದು ಇಟ್ಟು, ಪೆನ್ನನ್ನು ಅವುಗಳ ಮೇಲಿಟ್ಟರು.

“ಕೆಲಸ ಬಿಟ್ಟು ಅಂಜೂರದ ತೋಟ ನೋಡ್ಕೊಂಡು ಇರ್ಲಾ ಅಂತ ನಿನ್ನೆ ಕೇಳ್ದೆ,” ಎಂದರು. “ಒಂದಲ್ಲ, ಎರಡು ಒಳ್ಳೇ ಮಾತು ಸಿಕ್ತು. ಬರ್ತೀನಿ.”

ಹೋಗಿಯೇಬಿಟ್ಟರು! ಕೋಟು ಕೂಡ ಕುರ್ಚಿಯ ಮೇಲೆಯೇ ಉಳಿಯಿತು.

ಆಮೇಲಿನದು ನಮ್ಮ ದೇಶದ ಮಾಮೂಲು. ಹೊಸ ಮುಖ್ಯಸ್ಥರು ಬರುವವರೆಗೆ ಸಹಿ ಇಲ್ಲ. ಉತ್ತರಕ್ಕೆ ಗ್ಯಾಸು ಹೋಗಲಿಲ್ಲವೆಂದು ರುಬಾಬಾ ಮೇಡಂ ಖುಷಿಪಟ್ಟು ನನಗೆ ಹೊಸ ಬೂಟು ಕೊಡಿಸಿದರು. ಕಾಲಿಗೆ ವಿಶ್ರಾಂತಿ ಕೊಡಲು ಬಂದವರೇ ಅದನ್ನು ತಂದುಕೊಟ್ಟರು. ಪಶ್ಚಿಮಕ್ಕೆ ಹೋಗಲಿಲ್ಲವೆಂದು ಉತ್ತರದವರು ಗ್ಲೆಬ್‌ನ ಬೆನ್ನು ತಟ್ಟಿದರು. ಗ್ಲೆಬ್ ತನ್ನ ವರದಿಯಲ್ಲಿ, ಮುರ್ಸೆಲ್ ಎಂಬವನು ಬರೆಯಲಾಗದಷ್ಟು ಕೆಟ್ಟ ಮಾತಾಡಿದ, ಸಾಹೇಬರು ಮರ್ಯಾದೆಗೆ ಅದನ್ನು ಒಳ್ಳೆಯ ಮಾತೆಂದರು ಎಂದು ಬರೆದಿದ್ದನಂತೆ. ಅವನಿಗೂ ತನ್ನ ತಲೆ ಉಳಿಯಬೇಕಿತ್ತಲ್ಲ. ಬುಧವಾರ ಸುಳ್ಳು ಬರೆಯಬಾರದೆಂದು ಅತ್ತೆಯೂ ಹೇಳಿರಲಿಲ್ಲ.

ಹಬ್ಬದ ಮೂರನೇ ದಿನ ತಹಮಾಜ್ ಬಂದ. ಬಾಗಿಲಲ್ಲಿ ಅವನನ್ನು ಅಪ್ಪಿಕೊಂಡರೆ ಬರೀ ಮೂಳೆ ಸಿಕ್ಕಿತು. ನಾನು ಅತ್ತೆ, ನಾಚಿಕೆಯಿಲ್ಲದೆ ಅತ್ತೆ. ಅವನು ಒಳಗೆ ಬಂದು ಅನ್ನ ಮಾಂಸ ಎರಡು ತಟ್ಟೆ ಉಂಡು, ಕೈ ಒರೆಸಿಕೊಂಡು, ಉತ್ತರದವರನ್ನು ಅವರ ಏಳು ತಲೆಮಾರು ಹಿಡಿದು ಬೈಯಲು ಶುರುಮಾಡಿದ. ಮಂಗಳವಾರ ಎಂದೋ ಮುಗಿದಿತ್ತು, ನಾನೂ ಮನಸಾರೆ ದನಿಗೂಡಿಸಿದೆ.

ಅದು ಮುಗಿದ ಮೇಲೆ ಪಶ್ಚಿಮದವರನ್ನೂ ಅಷ್ಟೇ ಹೊತ್ತು ಬೈದೆವು. ಸಣ್ಣ ದೇಶ ಸ್ವಾಮಿ, ಪಕ್ಷಪಾತ ಮಾಡುವಷ್ಟು ಅನುಕೂಲ ನಮಗಿಲ್ಲ.