ಎಡಗಡೆಯ ಹಿಂದಿನ ಚಕ್ರ

ಕೊನೆಯ ನಟ್ಟಿನ ಮೇಲೆ ಗೆರೆ ಎಳೆಯುವಷ್ಟರಲ್ಲಿ ಚಾಕ್‌ಪೀಸ್ ಮುರಿಯಿತು. ನೈವಿಸ್ ಉಳಿದ ಚೂರನ್ನು ಉಗುರುಗಳ ನಡುವೆ ಹಿಡಿದು, ನಟ್ಟಿನ ಮೇಲೆ ಶುರುವಾದ ಗೆರೆಯನ್ನು ಹಾಗೇ ಚಕ್ರದ ಮೇಲಕ್ಕೂ ಎಳೆದಳು. ಐದು ನಟ್ಟು, ಐದು ಬಿಳಿ ಗೆರೆ.

“ನನ್ನ ಕಾರೇನು ನಿಮ್ಮ ಕ್ಲಾಸಿನ ಬೋರ್ಡಾ?”

ರೀನಿಯೆರ್ ಮಾವ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ. ನೈವಿಸ್ ಯೂನಿಫಾರ್ಮಿನ ಧೂಳು ಕೊಡವಿಕೊಂಡು ಎದ್ದಳು. ಉತ್ತರ ಕೊಟ್ಟರೆ ಮತ್ತೆ ಅದೇ ಜಗಳ.

ಆ ಜಗಳ ಒಂದು ಸದ್ದಿನದು. ಮಾವನ ಹಸಿರು ಕಾರು ಅಜ್ಜನ ಕಾಲದ್ದು. ಗ್ವಾಂಟನಾಮೊ ಊರಿನ ಬೀದಿಗಳಲ್ಲಿ ದಿನವಿಡೀ ಬಾಡಿಗೆಗೆ ಓಡುತ್ತದೆ, ಕೈ ತೋರಿಸಿದವರನ್ನೆಲ್ಲ ಹತ್ತಿಸಿಕೊಳ್ಳುತ್ತದೆ. ಮುಂದಿನ ಸೀಟು ದುಡ್ಡು ಕೊಡುವವರಿಗೆ. ಸ್ಕೂಲಿಗೆ ಬಿಟ್ಟಿಯಾಗಿ ಹೋಗುವ ನೈವಿಸ್‌ಗೆ ಹಿಂದೆ ಎಡಮೂಲೆ, ಚಕ್ರದ ಮೇಲಿನ ಉಬ್ಬು. ಅಲ್ಲಿ ಕೂತವರಿಗೆ ಮಾತ್ರ ಆ ಸದ್ದು ಕೇಳುತ್ತಿತ್ತು. ತಿರುವಿನಲ್ಲಿ ಟಕ್. ಬ್ರೇಕ್ ಹಾಕಿದರೆ ಟಕ್ ಟಕ್.

ಮಾವ ಎಷ್ಟೋ ಸಲ ಹೇಳಿದ್ದ. ನಟ್ಟುಗಳು ಸವೆದಿವೆ, ನಿಜ. ಅವು ಕೂರುವ ತೂತುಗಳೂ ಸ್ವಲ್ಪ ದೊಡ್ಡದಾಗಿವೆ. ಅದಕ್ಕೇ ಮಾಲ್ಟಾ ಪಾನೀಯದ ಡಬ್ಬಿ ಕತ್ತರಿಸಿ, ತಗಡಿನ ಬಳೆ ಮಾಡಿ, ಸಂದಿಗೆ ಹಾಕಿದ್ದಾನೆ. ಊರಲ್ಲಿ ಎಲ್ಲರೂ ಮಾಡುವುದು ಹಾಗೆಯೇ. ಹೊಸ ನಟ್ಟೇನು ಮರದಲ್ಲಿ ಬಿಡುತ್ತದೆಯೇ? ದಿನಾ ಬೆಳಿಗ್ಗೆ ಪಾನಾ ಹಾಕಿ ಬಿಗಿ ಮಾಡುತ್ತಾನಲ್ಲ, ಸಾಲದೇ?

ಆದರೆ ನಾಳೆ ಕಾರು ಊರೊಳಗೆ ಓಡುವುದಿಲ್ಲ. ನಾಳೆ ಬೆಟ್ಟ ಹತ್ತಿ, ಆಚೆಯ ಬರಾಕೋವಾಕ್ಕೆ ಇಳಿಯಬೇಕು. ಅಲ್ಲಿ ದೊಡ್ಡಮ್ಮನ ಮಗಳು ದಾಯ್ಮಿಗೆ ಹದಿನೈದು ತುಂಬುತ್ತದೆ, ಹುಡುಗಿಗೆ ಹದಿನೈದು ಎಂದರೆ ಈ ಕಡೆ ಮದುವೆಯಷ್ಟೇ ಸಡಗರ. ಅಮ್ಮ ವಾರದ ಹಿಂದೆಯೇ ಅಡುಗೆಗೆಂದು ಹೋಗಿದ್ದಾಳೆ. ಆ ದಾರಿ ಹಾವಿನಂತೆ ಸುತ್ತುತ್ತದೆ, ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಬರೀ ಗಾಳಿ. ಅಲ್ಲಿ ಚಕ್ರ ಕಳಚಿಕೊಂಡರೆ?

“ಇನ್ನೊಂದು ಸಲ ಟಕ್ ಅಂದ್ಯೋ, ನಾಳೆ ನೀನು ಪಕ್ಕದ ಮನೇಲಿ,” ಎಂದ ಮಾವ, ಕಾರಿನ ಬಾಗಿಲು ತೆಗೆಯುತ್ತ. “ನಾವು ಕೇಕ್ ತಿಂದು ಬರ್ತೀವಿ.”

ಮಧ್ಯಾಹ್ನ ಸ್ಕೂಲು ಬಿಟ್ಟಾಗ ಕಾರು ಗೇಟಿನ ಮುಂದೆ ಬಂದು ನಿಂತಿತು. ನೈವಿಸ್ ಹತ್ತುವ ಬದಲು ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತಳು. ಎರಡು ಗೆರೆ ಸರಿಯಾಗಿದ್ದವು. ಮೂರು ಕಡೆ ನಟ್ಟು ತಿರುಗಿ ಗೆರೆ ತುಂಡಾಗಿದ್ದವು. ನಟ್ಟಿನ ಮೇಲಿನ ಅರ್ಧ ಒಂದು ಕಡೆ, ಚಕ್ರದ ಮೇಲಿನ ಅರ್ಧ ಇನ್ನೊಂದು ಕಡೆ.

“ನೀನೇ ಸೊಟ್ಟಗೆ ಎಳೆದಿದ್ದೀಯ,” ಎಂದ ಮಾವ, ಬಗ್ಗಿ ನೋಡಿ.

ಒಳಗೆ ಈರುಳ್ಳಿ ಗೊಂಚಲನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಹೆಂಗಸು ಕಿಟಕಿಯಿಂದ ತಲೆ ಹಾಕಿದಳು. “ಮೆಕ್ಯಾನಿಕ್ ಮೇಡಂ, ನನ್ನ ಸೊಂಟಾನೂ ಟಕ್ ಅನ್ನತ್ತೆ. ಅಲ್ಲೂ ಒಂದು ಗೆರೆ ಹಾಕಿಕೊಡಿ.”

ಕಾರಿನ ತುಂಬ ನಗು. ನೈವಿಸ್‌ಳ ಕಿವಿ ಬಿಸಿಯಾಯಿತು. ಅವಳು ಹತ್ತಿ ತನ್ನ ಉಬ್ಬಿನ ಮೇಲೆ ಕೂತಳು.

ಮನೆಯಲ್ಲಿ ಅಜ್ಜಿ ದಾಯ್ಮಿಯ ನೀಲಿ ಗೌನಿನ ಅಂಚು ಹೊಲಿಯುತ್ತಿದ್ದಳು. ಮೇಜಿನ ಮೇಲೆ, ಕತ್ತರಿಯ ಪಕ್ಕ, ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಚಾಕ್ ಇತ್ತು. ನೈವಿಸ್ ಅದನ್ನೇ ನೋಡುತ್ತ ನಿಂತಳು. ಅಜ್ಜಿಯ ಗೆರೆ ಸೊಟ್ಟ ಅಂದವರು ಆ ಬೀದಿಯಲ್ಲಿ ಯಾರೂ ಇಲ್ಲ. ಮಾವನಿಗಂತೂ ಅಷ್ಟು ಧೈರ್ಯವಿಲ್ಲ.

ಅವಳು ಎಲ್ಲವನ್ನೂ ಹೇಳಿದಳು. ಅಜ್ಜಿ ಬಾಯಲ್ಲಿದ್ದ ಗುಂಡುಸೂಜಿ ತೆಗೆದಳು.

“ದಿನಾ ಬಿಗಿ ಮಾಡ್ತಾನಾ? ದಿನಾ?”

“ಹೂಂ ಅಜ್ಜಿ.”

“ಗುಂಡಿ ದಿನಾ ಕಿತ್ತು ಬರ್ತಿದ್ರೆ ಅದು ದಾರದ ತಪ್ಪಲ್ಲ, ಪುಟ್ಟಿ. ಅಲ್ಲಿ ಬಟ್ಟೇನೇ ಹರಿದಿರತ್ತೆ.”

ಅಜ್ಜಿ ಬೀದಿಗೆ ಬಂದಳು. ಮಾವನ ಕೈಯಲ್ಲೇ ನಟ್ಟುಗಳನ್ನು ಬಿಗಿ ಮಾಡಿಸಿದಳು. ಆಮೇಲೆ ಕಲ್ಲಿನ ಮೇಲೆ ಕೂತು, ಒಂದೊಂದಕ್ಕೂ ನೂಲೆಳೆದಂತೆ ಗೆರೆ ಹಾಕಿ, ರೈಲು ಹಳಿಯವರೆಗೆ ಹೋಗಿ ಬಾ ಅಂದಳು. ಮಾವ ಗೊಣಗಿದ. ಆದರೂ ಹೋದ. ನೈವಿಸ್ ತನ್ನ ಮೂಲೆಯಲ್ಲಿ ಕೂತಿದ್ದಳು. ಹಳಿ ದಾಟುವಾಗ ಟಕ್ ಟಕ್ ಟಕ್. ಅವಳು ಕನ್ನಡಿಯಲ್ಲಿ ಮಾವನ ಕಣ್ಣು ನೋಡಿದಳು. ಮಾವ ರಸ್ತೆ ನೋಡುತ್ತಿದ್ದ.

ವಾಪಸ್ ಬಂದಾಗ ನಾಲ್ಕು ಗೆರೆ ತುಂಡಾಗಿದ್ದವು.

ಮಾವ ಜಾಕ್ ಕೊಟ್ಟು ಚಕ್ರ ಎತ್ತಿದ. ನಟ್ಟು ಬಿಚ್ಚಿದ. ತಗಡಿನ ಬಳೆ ಕಬ್ಬಿನ ಸಿಪ್ಪೆಯ ಹಾಗೆ ಜಜ್ಜಿಹೋಗಿ ಕೈಗೆ ಬಂತು. ಅದರ ಹಿಂದೆ ಇದ್ದ ತೂತು ದುಂಡಗಿರಲಿಲ್ಲ, ಮೊಟ್ಟೆಯ ಹಾಗೆ ಉದ್ದವಾಗಿತ್ತು. ಬೋಲ್ಟಿನ ಪಕ್ಕದ ಸಂದಿಗೆ ನೈವಿಸ್ ತನ್ನ ಕಿರುಬೆರಳು ತೂರಿಸಿದಳು. ಉಗುರು ಪೂರ್ತಿ ಒಳಗೆ ಹೋಯಿತು.

ಮಾವ ಫುಟ್‌ಪಾತಿನ ಮೇಲೆ ಕೂತುಬಿಟ್ಟ. “ಬೆಟ್ಟದಲ್ಲಿ ಇದು ಕಳಚಿದ್ರೆ...” ಅಂದ.

ಕಬ್ಬಿಣ ಕಡೆಯುವ ಲೇತ್ ಯಂತ್ರ ಇರುವುದು ಪಕ್ಕದ ಬೀದಿಯ ಮಿಗ್ದಾಲಿಯಾ ಮನೆಯ ಹಿತ್ತಿಲಲ್ಲಿ. ದಿನದಂತೆ ಸಂಜೆ ಕರೆಂಟ್ ಹೋಗುವ ಮುಂಚೆ ಕೆಲಸ ಮುಗಿಯಬೇಕಿತ್ತು. ಮಾವ ಚಕ್ರವನ್ನು ಉರುಳಿಸಿಕೊಂಡು ಓಡಿದ, ನೈವಿಸ್ ನಟ್ಟುಗಳ ಡಬ್ಬಿ ಹಿಡಿದು ಹಿಂದೆ ಓಡಿದಳು. ಮಿಗ್ದಾಲಿಯಾ ತಗಡಿನ ಬಳೆಯನ್ನು ಎತ್ತಿ ಬೆಳಕಿಗೆ ಹಿಡಿದಳು.

“ಮಾಲ್ಟಾ ಹೊಟ್ಟೆಗೆ ಹಾಕೋದು ಕಣೋ ರೀನಿಯೆರ್. ಚಕ್ರಕ್ಕಲ್ಲ.”

ಅವಳು ತೂತುಗಳಿಗೆ ವೆಲ್ಡಿಂಗ್ ತುಂಬಿ, ಮತ್ತೆ ದುಂಡಗೆ ಕೊರೆದಳು. ಕಬ್ಬಿಣದ ಸಲಾಕೆಯಿಂದ ಐದು ಹೊಸ ನಟ್ಟು ಕಡೆದಳು. ಕೊನೆಯದು ನೈವಿಸ್ ಅಂಗೈಗೆ ಬಿದ್ದಾಗ ಇನ್ನೂ ಬಿಸಿಯಿತ್ತು. ಕರೆಂಟ್ ಹೋಗಿ ಬೀದಿ ಕತ್ತಲಾದದ್ದು ಆಮೇಲೆ.

ಬೆಳಿಗ್ಗೆ ಅಜ್ಜಿ ಹೊಸ ನಟ್ಟುಗಳಿಗೆ ಗೆರೆ ಎಳೆದು, ಚಾಕನ್ನು ನೈವಿಸ್ ಕೈಗೆ ಕೊಟ್ಟಳು. ಕೇಕಿಗೆ ಮುಂದಿನ ಸೀಟು. ಗೌನಿನ ಪೆಟ್ಟಿಗೆ ಅಜ್ಜಿಯ ತೊಡೆಯ ಮೇಲೆ. ನೈವಿಸ್ ತನ್ನ ಉಬ್ಬಿನ ಮೇಲೆ.

ಕಾರು ಬೆಟ್ಟ ಹತ್ತಿತು. ಮೊದಲ ತಿರುವು. ನೈವಿಸ್ ಉಸಿರು ಹಿಡಿದಳು. ಎಂಜಿನ್ನಿನ ಗುರುಗುರು, ಗಾಳಿ, ಅಜ್ಜಿಯ ಪಿಸುಗುಟ್ಟುವ ಪ್ರಾರ್ಥನೆ. ಎರಡನೆಯ ತಿರುವು. ಬ್ರೇಕ್. ಟಕ್ ಇಲ್ಲ. ಆಮೇಲೆ ಅವಳು ತಿರುವು ಎಣಿಸುವುದನ್ನೇ ಮರೆತಳು. ಕಿಟಕಿಯಾಚೆ ಮೋಡ ಕಾಲ ಕೆಳಗಿತ್ತು.

ತುದಿಯಲ್ಲಿ, ತೆಂಗಿನಕಾಯಿ ಸಿಹಿಯ ಪೊಟ್ಟಣ ಮಾರುವ ಕಡೆ, ಹಳೆಯ ಕಾರುಗಳೆಲ್ಲ ಬಾನೆಟ್ಟು ತೆರೆದು ಹೊಗೆಯಾಡುತ್ತ ನಿಂತಿದ್ದವು. ಮಾವ ಇಳಿದವನೇ ಎಡಗಡೆಯ ಹಿಂದಿನ ಚಕ್ರದ ಬಳಿ ಮಂಡಿಯೂರಿದ. ಗೆರೆಗಳ ಮೇಲೆ ಬೆರಳಾಡಿಸಿದ. ಐದೂ ಗೆರೆ ನಟ್ಟಿನಿಂದ ಚಕ್ರಕ್ಕೆ ನೆಟ್ಟಗೆ ಇಳಿದಿದ್ದವು, ಒಂದು ಕೂದಲಷ್ಟೂ ಸರಿದಿರಲಿಲ್ಲ.

ಅವನು ಎದ್ದು ಬೇರೆ ಡ್ರೈವರುಗಳನ್ನೆಲ್ಲ ಕರೆದ.

“ಬಂದು ನೋಡಿ. ನಮ್ಮ ಹುಡುಗಿ ತಲೆ ಇದು.”

ತಗಡಿನ ಬಳೆಯ ಕತೆಯನ್ನೂ ತಾನೇ ಹೇಳಿದ, ಒಂದಿಷ್ಟೂ ಮುಚ್ಚಿಡದೆ. ಒಬ್ಬ ಮುದುಕ ತನ್ನ ಕೆಂಪು ಕಾರಿನ ಕಡೆ ತಿರುಗಿ ನೋಡಿದ, ತಲೆ ಕೆರೆದುಕೊಂಡ, ಆಮೇಲೆ ನೈವಿಸ್ ಮುಂದೆ ಕೈ ಚಾಚಿದ. “ಆ ಚಾಕ್ ಸ್ವಲ್ಪ ಕೊಡಮ್ಮ.” ಹೊರಡುವ ಹೊತ್ತಿಗೆ ಆ ಸಾಲಿನಲ್ಲಿದ್ದ ಎಲ್ಲ ಕಾರುಗಳ ಚಕ್ರದಲ್ಲೂ ಬಿಳಿ ಗೆರೆಗಳಿದ್ದವು.

ಮಾವ ಕೇಕನ್ನು ಎತ್ತಿ ಹಿಂದೆ ಅಜ್ಜಿಯ ಪಕ್ಕ ಇಟ್ಟ. ಮುಂದಿನ ಬಾಗಿಲನ್ನು ಅಗಲವಾಗಿ ತೆರೆದು, ಅಂಗಿಯ ತೋಳಿನಿಂದ ಸೀಟು ಒರೆಸಿದ.

“ಬನ್ನಿ ಮೇಡಂ. ಇವತ್ತಿಂದ ಇದು ನಿಂದು. ಯಾರು ಎಷ್ಟೇ ಕೊಟ್ರೂ ಬೇರೆಯವರಿಗಿಲ್ಲ. ಕೆಳಗೆ ಇಳೀತಾ ಸಮುದ್ರ ಕಾಣತ್ತೆ ಇಲ್ಲಿಂದ.”

ಆ ಸೀಟಿಗಾಗಿ ಅವಳು ಒಂದನೇ ಕ್ಲಾಸಿನಿಂದ ಕಾದಿದ್ದಳು. ಅವಳು ಸೀಟು ನೋಡಿದಳು. ಕೆಳಗೆ ಸುತ್ತಿ ಸುತ್ತಿ ಇಳಿಯುವ ದಾರಿ ನೋಡಿದಳು. ಆಮೇಲೆ ಹಿಂದಿನ ಬಾಗಿಲು ತೆಗೆದು, ಕೇಕನ್ನು ಮೆಲ್ಲಗೆ ಒತ್ತರಿಸಿ, ಎಡಮೂಲೆಯ ಉಬ್ಬಿನ ಮೇಲೆ ಕೂತಳು.

“ಬೇಡ ಮಾವ,” ಅಂದಳು. “ಅಲ್ಲಿ ಕೂತ್ರೆ ಚಕ್ರದ ಸದ್ದು ಕೇಳ್ಸಲ್ಲ.”