ಕಾಗದದ ಮೇಲೆ ಬಂದ ಯಂತ್ರ

2025ರ ಫೆಬ್ರವರಿ 12, ಬುಧವಾರ ಬೆಳಿಗ್ಗೆ 9.40ಕ್ಕೆ ಹೊನ್ನಾಳಿ ಠಾಣೆಗೆ ಬಂದ ದೂರು ತೀರಾ ಚೊಕ್ಕವಾಗಿತ್ತು. ಇನ್‌ಸ್ಪೆಕ್ಟರ್ ಸಂಧ್ಯಾರಾಣಿಗೆ ಮೊದಲು ಇರುಸುಮುರುಸಾಗಿದ್ದೇ ಅದರಿಂದ. ಮುದ್ದನಕಟ್ಟೆ ಗ್ರಾಮ ಪಂಚಾಯಿತಿಯ ಸ್ವಚ್ಛತಾ ನೌಕರ ರೇವಣ್ಣ, ವಯಸ್ಸು 44, ಮಂಗಳವಾರ ಬೆಳಿಗ್ಗೆ 11 ಗಂಟೆಗೆ ಊರ ಪಕ್ಕದ ಉಪನಾಲೆಯಲ್ಲಿ ಕೈಕಾಲು ತೊಳೆಯುವಾಗ ಜಾರಿ ಬಿದ್ದು ಮುಳುಗಿದ್ದಾನೆ. ಶವ ಇಂದು ಬೆಳಿಗ್ಗೆ ಸಿಕ್ಕಿದೆ. ಯಾರ ಮೇಲೂ ಅನುಮಾನವಿರುವುದಿಲ್ಲ. ಇಷ್ಟು ವಿಷಯಕ್ಕೆ ಕಂಪ್ಯೂಟರಿನಲ್ಲಿ ಟೈಪಾದ ಒಂದೂವರೆ ಪುಟ, ಅದರಲ್ಲಿ ‘ಅನುಮಾನವಿರುವುದಿಲ್ಲ’ ಮೂರು ಸಲ. ಕೆಳಗೆ ಹೆಂಡತಿ ಸಾವಂತ್ರಮ್ಮನ ಹೆಬ್ಬೆಟ್ಟು.

ಗಂಡನ ಹೆಣ ಇನ್ನೂ ನಾಲೆಯ ದಂಡೆಯ ಮೇಲಿರುವಾಗ ಯಾವ ಹೆಂಗಸು ಅಂಗಡಿ ಹುಡುಕಿಕೊಂಡು ಹೋಗಿ ಟೈಪ್ ಮಾಡಿಸುತ್ತಾಳೆ, ನೀವೇ ಹೇಳಿ!

“ಇದನ್ನ ಬರೆದುಕೊಟ್ಟವರು ಯಾರಮ್ಮ?”

“ನಮ್ ಪಿಡಿಒ ಸಾಹೇಬ್ರು, ಮೇಡಮ್ಮೋರೆ.”

“ಓದಿ ಹೇಳಿದರಾ?”

ಸಾವಂತ್ರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅಸ್ವಾಭಾವಿಕ ಮರಣವೆಂದು ಯುಡಿಆರ್ ದಾಖಲಿಸಿ, 10.50ಕ್ಕೆ ನಾಲೆಯ ದಂಡೆಯಲ್ಲೇ ಶವ ಪಂಚನಾಮೆ ಶುರುವಾಯಿತು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಪ್ರವೀಣ್ ಕುಮಾರ್ ಆಗಲೇ ಬಂದು ಜಾಲಿ ಮರದ ನೆರಳಿನಲ್ಲಿ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಫೈಲು. ಹೆಡ್ ಕಾನ್‌ಸ್ಟೆಬಲ್ ಕಲ್ಲೇಶ್ ಶವದ ಅಂಗಿ ಬಿಚ್ಚಿ ತೋಳು ಎತ್ತಹೋದರೆ ಕೈ ಜಾರಿತು. ಎದೆ, ಬೆನ್ನು, ಕಿವಿಯ ಹಿಂದೆ, ಎಲ್ಲ ಕಡೆ ಹರಳೆಣ್ಣೆಯ ಜಿಡ್ಡು. ನೀರಲ್ಲಿ ನೆಂದರೂ ಬಿಟ್ಟಿರಲಿಲ್ಲ.

“ಅಯ್ಯೋ ನನ್ನಪ್ಪಾ, ಎಣ್ಣೆ ಹಚ್ಕೊಂಡಿದ್ಯಾ!” ಎಂದು ಸಾವಂತ್ರಮ್ಮ ಎದೆ ಬಡಿದುಕೊಂಡಳು. ನೆರಳಿನಲ್ಲಿದ್ದವನು ಕೆಮ್ಮಿದ. ಅವಳ ಬಾಯಿ ಕಟ್ಟಿಹೋಯಿತು. ಸಂಧ್ಯಾರಾಣಿ ಆ ಕೆಮ್ಮನ್ನು ಪಂಚನಾಮೆಯಲ್ಲಿ ಬರೆಯುವಂತಿರಲಿಲ್ಲ, ಮನಸ್ಸಿನಲ್ಲಿ ಬರೆದುಕೊಂಡಳು.

ಅಷ್ಟರಲ್ಲಿ ಕಲ್ಲೇಶ್ ಅವಳನ್ನು ಪಕ್ಕಕ್ಕೆ ಕರೆದ. “ಮೇಡಂ, ನಿನ್ನೆ ಹನ್ನೊಂದು ಗಂಟೆಗೆ ಈ ನಾಲೇಲಿ ಮುಳುಗಾಕೆ ಹೆಂಗೆ ಆಗತ್ತೆ? ನಮ್ ಗದ್ದೆ ಇಲ್ಲೇ ಕೆಳಗೈತೆ. ನಿನ್ನೆ ರಜಾ ಹಾಕಿ ನೀರು ಕಾಯ್ತಾ ಕೂತಿದ್ದೆ. ಈ ನಾಲೆ ಒಳಗೇ ಚಪ್ಪಲಿ ಹಾಕ್ಕೊಂಡು ಅಡ್ಡಾಡಿದೀನಿ ಕಣ್ರಿ! ನೀರು ಬಂದಿದ್ದು ಇವತ್ತು ಬೆಳಗಿನ ಜಾವ.”

ಭದ್ರಾ ನಾಲೆಗೆ ಸರದಿಯಂತೆ ನೀರು ಬಿಡುತ್ತಾರೆ. ಪ್ರಕಟಣೆಯಲ್ಲಿ ಒಂದು ದಿನ ಇರುತ್ತದೆ. ಮೇಲಿನವರು ಪಂಪ್‌ಸೆಟ್ ಇಟ್ಟು ಎತ್ತಿಕೊಂಡು ಮಿಕ್ಕಿದ್ದು ಕೊನೆಯ ಊರಿಗೆ ತಲುಪುವುದು ಮಾರನೆಯ ದಿನ. ಇದು ಗದ್ದೆಗಿಳಿದ ಯಾವನಿಗೂ ಗೊತ್ತು, ಕಚೇರಿಯಲ್ಲಿ ಕೂತವರಿಗೆ ಮಾತ್ರ ಗೊತ್ತಿಲ್ಲ.

“ನೀರು ನಿನ್ನೆ ಇತ್ತು ಅಂತ ಹೇಗೆ ಹೇಳ್ತೀರಿ?” ಸಂಧ್ಯಾರಾಣಿ ಪ್ರವೀಣ್ ಕುಮಾರ್‌ನನ್ನು ಕೇಳಿದಳು.

“ಹನ್ನೊಂದನೇ ತಾರೀಖು ಬೆಳಿಗ್ಗೆ ಆರಕ್ಕೆ ಅಂತ ಪ್ರಕಟಣೆ ಐತಲ್ಲ ಮೇಡಂ.” ಪ್ರವೀಣ್ ಕುಮಾರ್ ಫೋನಿನಲ್ಲಿ ತೋರಿಸಿಯೇ ಬಿಟ್ಟ.

“ನೀವು ನೋಡಿದಿರಾ?”

“ಪ್ರಕಟಣೆ ಐತೆ.”

ಸಂಜೆ ನಾಲ್ಕಕ್ಕೆ ಸಂಧ್ಯಾರಾಣಿ ಸಾವಂತ್ರಮ್ಮನ ಮನೆಗೆ ಒಬ್ಬಳೇ ಹೋಗಿ, ಬಾಗಿಲು ಮುಂದೆ ಮಾಡಿ, ನೆಲದ ಮೇಲೆ ಕೂತಳು. “ಎಣ್ಣೆ ಯಾಕೆ ಹಚ್ಚಿಕೊಂಡಿದ್ದರು?”

ಸಾವಂತ್ರಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಗುಂಡಿಗೆ ಇಳಿಯೋ ಮುಂಚೆ ಹಚ್ಕೊಂತಿದ್ರು. ಹೊಲಸು ಮೈಗೆ ಹತ್ತಬಾರ್ದು ಅಂತ. ಬೆನ್ನಿಗೆ ನಾನೇ ಹಚ್ತಿದ್ದೆ. ನಿನ್ನೆ ಸಾಹೇಬ್ರು ಬೆಳಗಿನ ಜಾವ ಐದು ಗಂಟೆಗೇ ಹೇಳಿಕಳಿಸಿದ್ರು, ನಂಗೆ ಎಚ್ಚರಾನೇ ಇರ್ಲಿಲ್ಲ.”

“ಹೆಬ್ಬೆಟ್ಟು ಯಾಕೆ ಒತ್ತಿದಿರಿ?”

“ಒತ್ತಿದ್ರೆ ಅವರ ಕೆಲ್ಸ ನಿನಗೆ, ಇಲ್ಲಾಂದ್ರೆ ಕುಡಿದು ಸತ್ತ ಅಂತ ಬರೀತೀನಿ ಅಂದ್ರು. ಕೆಲ್ಸ ಇಲ್ದೆ ನಾನು ಹೆಂಗೆ ಬದುಕ್ಲಿ?”

ಯಾರನ್ನೂ ಮಲದ ಗುಂಡಿಗೆ ಇಳಿಸಬಾರದೆಂದು ಕಾನೂನಿದೆ, ಇಳಿಸಿ ಜೀವ ಹೋದರೆ ಸರ್ಕಾರ ಮೂವತ್ತು ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದೆ, ಅದು ಯಾರೂ ಹಾಕುವ ಭಿಕ್ಷೆಯಲ್ಲ, ನಿಮ್ಮ ಹಕ್ಕು. ಸಂಧ್ಯಾರಾಣಿ ಬಿಡಿಸಿ ಹೇಳಿದಳು.

“ಯಾವಾಗಿಂದ ಐತೆ ಆ ಕಾನೂನು?”

“ಹನ್ನೆರಡು ವರ್ಷ ಆಗ್ತಾ ಬಂತು.”

“ಮತ್ತೆ ನಮಗ್ಯಾಕೆ ಯಾರೂ ಹೇಳ್ಲಿಲ್ಲ?”

ಸಂಧ್ಯಾರಾಣಿಗೆ ನಾಚಿಕೆಯಾಯಿತು. ಹೊಸ ದೂರನ್ನು ಅಲ್ಲೇ ಕೂತು ತಾನೇ ಬರೆದಳು, ಎರಡು ಸಲ ಓದಿ ಹೇಳಿ ಹೆಬ್ಬೆಟ್ಟು ಪಡೆದಳು. ಸಂಜೆ 6.15ಕ್ಕೆ ಎಫ್‌ಐಆರ್ ಆಯಿತು.

ಗುರುವಾರ ಪಂಚಾಯಿತಿ ಕಡತಗಳ ಜಪ್ತಿ. ಅಲ್ಲೊಂದು ಸೋಜಿಗ ಕಾದಿತ್ತು. ಬಸ್ ನಿಲ್ದಾಣದ ಸಾರ್ವಜನಿಕ ಶೌಚಾಲಯದ ಗುಂಡಿಯನ್ನು ಎರಡು ವರ್ಷದಲ್ಲಿ ಎಂಟು ಸಲ ಯಂತ್ರದಿಂದಲೇ ಖಾಲಿ ಮಾಡಿಸಲಾಗಿದೆ! ಒಂಬತ್ತನೆಯ ಬಿಲ್ಲು 11ನೇ ತಾರೀಖಿನದು, ಸಹಿಯೊಂದೇ ಬಾಕಿ. ಕಾನೂನನ್ನು ಇಷ್ಟು ಶಿಸ್ತಾಗಿ ಪಾಲಿಸಿದ ಪಂಚಾಯಿತಿ ತಾಲ್ಲೂಕಿನಲ್ಲೇ ಇರಲಿಕ್ಕಿಲ್ಲ, ಕಾಗದದಲ್ಲಿ.

ಬಿಲ್ಲಿನ ವಿಳಾಸ ಹಿಡಿದು ಜೀಪು ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಗೆ ಹೋಯಿತು. ಗುಂಡಿಯ ಹೊಲಸು ಹೀರುವ ಸಕ್ಕಿಂಗ್ ಗಾಡಿ ಶೆಡ್ಡಿನಲ್ಲಿ ತೊಳೆದಿಟ್ಟಂತೆ ನಿಂತಿತ್ತು.

“ಮುದ್ದನಕಟ್ಟೆಗೆ ಎಷ್ಟು ಸಲ ಹೋಗಿದೆ?”

ಮಾಲೀಕ ತಲೆ ಕೆರೆದುಕೊಂಡ. “ಆ ಊರು ಎಲ್ಲಿ ಐತೆ ಅಂತಾನೇ ಗೊತ್ತಿಲ್ಲ ಮೇಡಂ. ಅಲ್ಲಿನ ಪಿಡಿಒ ಸಾಹೇಬ್ರು ಬರೀ ಬಿಲ್ ಬುಕ್ಕು ತಗೊಂಡು ಹೋಗಿದ್ರು.”

ಶುಕ್ರವಾರ, ಊರಿಗೆ ನಲ್ಲಿ ನೀರು ಬಿಡುವ ಪಂಚಾಯಿತಿ ನೀರುಗಂಟಿ ಸಿದ್ದು ಠಾಣೆಯಲ್ಲಿ ಹತ್ತು ನಿಮಿಷವೂ ತಡೆಯಲಿಲ್ಲ, ಗೊಳೋ ಎಂದು ಅತ್ತುಬಿಟ್ಟ. ಹಗ್ಗ ಹಿಡಿದು ಮೇಲೆ ನಿಂತವನು ಅವನೇ. ಎರಡನೇ ಬಕೆಟ್ಟಿಗೆ ಕೆಳಗಿನಿಂದ ಸದ್ದು ನಿಂತಿತು. ಎಳೆದು ಹಾಕುವಷ್ಟರಲ್ಲಿ ಜೀವವಿರಲಿಲ್ಲ. ಮೈ ತೊಳೆದು, ಬಟ್ಟೆ ತೊಡಿಸಿ, ಕಸದ ಆಟೋದಲ್ಲಿ ಒಯ್ದು ಒಣ ನಾಲೆಯ ಮೋರಿಯೊಳಗೆ ಮಲಗಿಸಿದರು. ‘ಇನ್ನೇನು ನೀರು ಬರುತ್ತದೆ’ ಎಂದಿದ್ದನಂತೆ ಸಾಹೇಬ. ಸತ್ತದ್ದು ಗುಂಡಿಯಲ್ಲೇ ಎಂದು ಮರಣೋತ್ತರ ವರದಿಯೂ ಹೇಳಿತು: ಶ್ವಾಸನಾಳದಲ್ಲಿ ಗುಂಡಿಯ ಕೊಳಚೆ.

ಫೆಬ್ರವರಿ 15, ಶನಿವಾರ ಬೆಳಿಗ್ಗೆ 7.10ಕ್ಕೆ ನ್ಯಾಮತಿಯ ಮನೆಯಲ್ಲಿ ಪ್ರವೀಣ್ ಕುಮಾರ್‌ನನ್ನು ಬಂಧಿಸಲಾಯಿತು. ಕಾರಣಗಳನ್ನು ಬರಹದಲ್ಲಿ ಕೊಟ್ಟು, ಹೆಂಡತಿಗೂ ತಿಳಿಸಿ, ವಕೀಲರನ್ನು ಕರೆಸಿಕೊಳ್ಳುವ ಅವಕಾಶವಿದೆಯೆಂದು ಸಂಧ್ಯಾರಾಣಿ ಸ್ಪಷ್ಟವಾಗಿ ಹೇಳಿದಳು. ಅವನ ಹಕ್ಕು ಅವನಿಗೆ.

ಜಗಳೂರಿನಿಂದ ಇತ್ತ ವರ್ಗ ಮಾಡಿಸಿಕೊಳ್ಳಲು ಅವನು ಒಬ್ಬರ ಕೈ ಬಿಸಿ ಮಾಡಿದ್ದ. ಆಮೇಲೆ ಆ ಕೈಗೆ ಆಗಾಗ ಕೊಡುತ್ತಲೇ ಇರಬೇಕಾಯಿತು. ಯಂತ್ರದ ಬಿಲ್ಲು ಹುಟ್ಟಿದ್ದು ಹಾಗೆ. ಬುಧವಾರ ಸ್ವಚ್ಛ ಗ್ರಾಮ ಪ್ರಶಸ್ತಿಗೆಂದು ತಪಾಸಣಾ ತಂಡ ಬರುವುದಿತ್ತು, ಗುಂಡಿ ಉಕ್ಕಿ ಹರಿಯುತ್ತಿತ್ತು. ಇಷ್ಟನ್ನು ಠಾಣೆಯಲ್ಲಿ ಅವನೇ ಹೇಳಿದ. ಆದರೂ ಸಂಧ್ಯಾರಾಣಿಗೆ ಒಂದು ಅರ್ಥವಾಗಲಿಲ್ಲ.

“ಬಾಡಿಗೆ ನಿಮ್ಮ ಜೇಬಿನದಲ್ಲ. ಅದೊಂದು ಸಲ ನಿಜವಾಗಿ ಗಾಡಿ ಕರೆಸಬಹುದಿತ್ತಲ್ಲ?”

“ನಂಬರ್ ಒತ್ತಿದ್ದೆ ಮೇಡಂ. ಕಟ್ ಮಾಡ್ದೆ.” ಅವನು ತಲೆ ಎತ್ತಲಿಲ್ಲ. “ಅಂಥ ಗಾಡಿ ಆ ಊರು ಕಂಡೇ ಇಲ್ಲ. ಬಂದಿದ್ರೆ ಊರಿಗೂರೇ ನೋಡಾಕೆ ನಿಲ್ತಿತ್ತು. ಇದೇ ಮೊದಲ್ನೇ ಸಲ ಬಂತು ಅಂತ ಯಾರಾದ್ರೂ ಒಬ್ರು ತಂಡದವರ ಮುಂದೆ ಅಂದಿದ್ರೆ, ಹಿಂದಿನ ಎಂಟು ಬಿಲ್ಲು ಹೆಂಗೆ ತೋರಿಸ್ಲಿ?”

ಕಲ್ಲೇಶ್ ಬರೆಯುವುದನ್ನು ನಿಲ್ಲಿಸಿದ. ಸಂಧ್ಯಾರಾಣಿ ಸನ್ನೆ ಮಾಡಿದ ಮೇಲೆ ಮತ್ತೆ ಬರೆದ.

ಹೊರಗೆ ಬೆಂಚಿನ ಮೇಲೆ ಸಾವಂತ್ರಮ್ಮ ಕೂತಿದ್ದಳು. ಬಾಗಿಲು ತೆರೆದಿತ್ತು, ಎಲ್ಲ ಕೇಳಿಸಿತ್ತು. ಸಂಧ್ಯಾರಾಣಿ ಬಂದು ಪಕ್ಕದಲ್ಲಿ ಕೂತಳು.

“ಅಷ್ಟಕ್ಕಾ, ಮೇಡಮ್ಮೋರೆ?”

“ಅಷ್ಟಕ್ಕೇ, ಅಮ್ಮಾ.”